ಮಾಡಿದ್ದು ಮತ್ತು ಬರೆದದ್ದು

ಮನುಷ್ಯ ಮಾಡಿದ ಕೆಲಸ ದೊಡ್ಡದೋ, ಆ ಕೆಲಸದ ವಿಷಯವಾಗಿ ಗುಮಾಸ್ತನೊಬ್ಬ ಬರೆದಿಟ್ಟ ಎರಡು ಸಾಲು ದೊಡ್ಡದೋ ಎಂದು ಕೇಳಿದರೆ ಯಾರೂ ಉತ್ತರಕ್ಕೆ ತಡವರಿಸುವುದಿಲ್ಲ. ಕೆಲಸವೇ ದೊಡ್ಡದು ಎಂದು ಥಟ್ಟನೆ ಹೇಳಿಬಿಡುತ್ತೇವೆ. ನಮ್ಮ ನಡವಳಿಕೆ ಮಾತ್ರ ಈ ಉತ್ತರಕ್ಕೆ ಹೊಂದುವುದಿಲ್ಲ. ಪಿಂಚಣಿಗಾಗಿ ಬಂದು ಕಣ್ಣೆದುರಿಗೆ ನಿಂತಿರುವ ಮುದುಕನಿಂದಲೇ ಆತ ಬದುಕಿರುವನೆಂಬುದಕ್ಕೆ ಸರ್ಟಿಫಿಕೇಟು ಕೇಳುವ ಲೋಕ ಇದು.

ಈ ವಿಸಂಗತಿ ಬಹಳ ತೀಕ್ಷ್ಣವಾಗಿ ಕಾಣುವುದು ಸೈನಿಕನ ವಿಷಯದಲ್ಲಿ. ನಮ್ಮ ಹಳ್ಳಿಗಳಲ್ಲಿ ಹಿಂದೆ ಕಾದಾಡಿ ಮಡಿದವನಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಬದುಕಿ ಹಿಂದಿರುಗಿದವನಿಗೆ ಕಲ್ಲು ಬೇಕಾಗಿರಲಿಲ್ಲ. ಊರಿಗೆಲ್ಲ ಅವನ ಕಥೆ ಗೊತ್ತಿತ್ತು. ಈಗಿನ ಸೈನ್ಯಗಳು ದೊಡ್ಡವು, ದೇಶಗಳು ದೊಡ್ಡವು. ಯಾರ ಕಥೆಯೂ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಹಿಂದಿರುಗಿದವನ ಕೈಗೆ ಸರಕಾರ ಒಂದು ಬಿಡುಗಡೆ ಪತ್ರ ಕೊಡುತ್ತದೆ. ಅಮೆರಿಕಾದಲ್ಲಿ 1950ರಿಂದ ಈಚೆಗೆ ಅದಕ್ಕೆ ಡಿಡಿ 214 ಎಂದು ಹೆಸರು. ಎಂದು ಸೇರಿದ, ಎಂದು ಬಿಟ್ಟ, ಎಷ್ಟು ಕಾಲ ಸಮುದ್ರದಾಚೆ ಇದ್ದ, ಯಾವ ಪದಕಗಳಿಗೆ ಅರ್ಹನಾದ ಎಂಬ ವಿವರಗಳೆಲ್ಲ ಅದರಲ್ಲಿರಬೇಕು. ಬಿಡುಗಡೆಯ ದಿವಸ ಸೈನಿಕನಿಗೆ ಮನೆ ಸೇರುವ ಆತುರ, ಬೆರಳಚ್ಚಿನ ಮುಂದೆ ಕುಳಿತವನಿಗೆ ಸಾಲಿನಲ್ಲಿ ಕಾದಿರುವ ಮುಂದಿನವನ ಚಿಂತೆ. ಒಂದು ಸಾಲು ಬಿಟ್ಟುಹೋಗುತ್ತದೆ. ಮೂವತ್ತು ನಲವತ್ತು ವರ್ಷ ಕಳೆದು, ಕಾಯಿಲೆ ಬಿದ್ದಾಗಲೋ ಮೊಮ್ಮಗ ಕೇಳಿದಾಗಲೋ, ಆ ಕಾಗದವನ್ನು ಬಿಡಿಸಿ ನೋಡಿದರೆ ತಾನು ದೇಶವನ್ನೇ ಬಿಟ್ಟಿರಲಿಲ್ಲ ಎಂಬಂತೆ ಬರೆದಿರುತ್ತದೆ!

ಒಂದು ಸಾಲಿನಿಂದ ಏನು ಮಹಾ ಆಗುತ್ತದೆ ಎನ್ನುವವರು ಹೆನ್ರಿ ಜಾನ್ಸನ್ನರ ಕಥೆಯನ್ನು ತಿಳಿಯಬೇಕು. ಜಾನ್ಸನ್ ಕರಿಯ ಜನಾಂಗದವರು. ನ್ಯೂಯಾರ್ಕ್ ಸಂಸ್ಥಾನದ ಆಲ್ಬನಿ ನಗರದ ರೈಲು ನಿಲ್ದಾಣದಲ್ಲಿ ಕೂಲಿಯಾಗಿದ್ದವರು. 1917ರಲ್ಲಿ ಸೈನ್ಯ ಸೇರಿದರು. ಅವರಿದ್ದ 369ನೆಯ ರೆಜಿಮೆಂಟನ್ನು ಅಮೆರಿಕಾದ ದಂಡನಾಯಕರು ಫ್ರೆಂಚರ ಕೈಗೆ ಒಪ್ಪಿಸಿಬಿಟ್ಟರು. 1918ರ ಮೇ ತಿಂಗಳ ಒಂದು ರಾತ್ರಿ ಫ್ರಾನ್ಸಿನ ಆರ್ಗಾನ್ ಕಾಡಿನ ಅಂಚಿನಲ್ಲಿ ಜಾನ್ಸನ್ ಇನ್ನೊಬ್ಬನೊಡನೆ ಪಹರೆಯಲ್ಲಿದ್ದಾಗ ಜರ್ಮನರ ತಂಡವೊಂದು ಮೇಲೆ ಬಿತ್ತು. ಸಂಗಾತಿ ಗಾಯಗೊಂಡು ಬಿದ್ದ. ಜಾನ್ಸನ್ನರ ಬಂದೂಕು ಕಚ್ಚಿಕೊಂಡಿತು. ಬಂದೂಕಿನ ಹಿಡಿಯಿಂದ ಬಡಿದು, ಕೊನೆಗೆ ಕತ್ತಿಯಿಂದ ಹೋರಾಡಿ ಅವರು ಸಂಗಾತಿಯನ್ನು ಉಳಿಸಿಕೊಂಡರು. ಮೈಮೇಲೆ ಇಪ್ಪತ್ತೊಂದು ಗಾಯಗಳಾಗಿದ್ದುವು. ಫ್ರೆಂಚ್ ಸರಕಾರ ತನ್ನ ಕ್ರ್ವಾ ದ ಗೆರ್ ಪದಕವನ್ನು ಕೊಟ್ಟಿತು. 1919ರಲ್ಲಿ ಹಿಂದಿರುಗಿದಾಗ ನ್ಯೂಯಾರ್ಕಿನ ಬೀದಿಯಲ್ಲಿ ಮೆರವಣಿಗೆ ನಡೆಯಿತು.

ಬಿಡುಗಡೆ ಪತ್ರದಲ್ಲಿ ಮಾತ್ರ ಗಾಯದ ಸುದ್ದಿಯೇ ಇರಲಿಲ್ಲ. ಒಡೆದ ಪಾದದಲ್ಲಿ ಮೂಟೆ ಹೊರುವ ಹಳೆಯ ಕೆಲಸ ನಡೆಯಲಿಲ್ಲ. ಗಾಯವೇ ಇಲ್ಲದವನಿಗೆ ಗಾಯಾಳುವಿನ ಭತ್ಯ ಎಲ್ಲಿಂದ ಬರಬೇಕು? ಹತ್ತು ವರ್ಷ ತುಂಬಿದ್ದೇ ತಡ, 1929ರಲ್ಲಿ, ಬಡತನದಲ್ಲಿ ತೀರಿಕೊಂಡರು. ಅಮೆರಿಕಾ ಸರಕಾರ ಗಾಯಾಳುಗಳಿಗೆ ಕೊಡುವ ಪರ್ಪಲ್ ಹಾರ್ಟ್ ಪದಕವನ್ನು ಅವರ ಹೆಸರಿಗೆ ಕೊಟ್ಟದ್ದು 1996ರಲ್ಲಿ. ಅತ್ಯುನ್ನತವಾದ ಮೆಡಲ್ ಆಫ್ ಆನರ್ ಬಂದದ್ದು 2015ರ ಜೂನ್ ತಿಂಗಳಲ್ಲಿ. ಇಲ್ಲಿ ಇನ್ನೊಂದು ತಿರುವನ್ನೂ ಹೇಳಬೇಕು. ತಮ್ಮನ್ನು ಜಾನ್ಸನ್ನರ ಮಗನೆಂದು ತಿಳಿದು ಈ ಪದಕಕ್ಕಾಗಿ ವರ್ಷಗಟ್ಟಲೆ ಓಡಾಡಿದವರೊಬ್ಬರಿದ್ದರು. ಪದಕ ಕೊಡುವ ಮೊದಲು ಸೈನ್ಯದವರು ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿದಾಗ ರಕ್ತಸಂಬಂಧಕ್ಕೆ ಆಧಾರ ಸಿಕ್ಕಲಿಲ್ಲ. ಪದಕವನ್ನು ನ್ಯೂಯಾರ್ಕಿನ ಪಡೆಯ ಪರವಾಗಿ ಒಬ್ಬ ಸೈನಿಕ ಸ್ವೀಕರಿಸಿದ. ಕಾಗದವನ್ನು ಸತ್ಯಕ್ಕಾಗಿ ಕೆದಕಿದರೆ ಅದು ಕೊಡುವುದೂ ಉಂಟು, ಕಿತ್ತುಕೊಳ್ಳುವುದೂ ಉಂಟು. ಆ ಮನುಷ್ಯ ಆ ವೇಳೆಗೆ ಕಾಲವಾಗಿದ್ದರು ಎಂಬುದು ಒಂದು ಸಮಾಧಾನ.

ನಮ್ಮವರಲ್ಲಿ ಕೆಲವರು ಇಲ್ಲಿ ಒಂದು ಆಕ್ಷೇಪವನ್ನು ತೆಗೆಯಬಹುದು. ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡುವುದಲ್ಲವೆ ವೀರನ ಲಕ್ಷಣ? ಮಾಡಿದ್ದು ಮಾಡಿ ಆಯಿತು. ತಗಡಿನ ಬಿಲ್ಲೆಗಾಗಿ ಎಪ್ಪತ್ತರ ವಯಸ್ಸಿನಲ್ಲಿ ಅರ್ಜಿ ಹಿಡಿದು ಅಲೆಯುವುದು ಶೋಭೆಯೆ? ಈ ಮಾತಿಗೆ ತೂಕವಿದೆ, ಆದರೆ ಅದನ್ನು ಯಾರು ಆಡುತ್ತಾರೆ ಎಂಬುದನ್ನೂ ನೋಡಬೇಕು. ಸೈನಿಕ ತನಗೆ ತಾನೇ ಹೇಳಿಕೊಂಡರೆ ಅದು ವೈರಾಗ್ಯ. ಅವನನ್ನು ಕಳುಹಿಸಿದ ಸರಕಾರ ಅವನಿಗೆ ಹೇಳಿದರೆ, ಸಾಲ ತಂದವನು ಸಾಲ ಕೊಟ್ಟವನ ಮುಂದೆ ಕುಳಿತು ಸಂಪತ್ತಿನ ಅನಿತ್ಯತೆಯನ್ನು ಬೋಧಿಸಿದ ಹಾಗೆ. ಪದಕ ಬೇಡವೆನ್ನುವ ಹಕ್ಕು ಇರುವುದು ಪದಕಕ್ಕೆ ಬಾಧ್ಯನಾದವನಿಗೆ ಮಾತ್ರ. ಮೊದಲು ಅವನ ಹೆಸರಿಗೆ ಅದು ಬರೆದಿರಲಿ. ಬೇಕಾದರೆ ಅನಂತರ ಪೆಟ್ಟಿಗೆಯ ತಳದಲ್ಲಿ ಹಾಕಿಡಲಿ.

ಅಲ್ಲದೆ ಇದು ಬರಿಯ ಬಿಲ್ಲೆಯ ಮಾತೂ ಅಲ್ಲ. ವಿಯೆಟ್ನಾಮಿನ ಕಾಡುಗಳ ಮೇಲೆ ಸುರಿದ ಏಜೆಂಟ್ ಆರೆಂಜ್ ಎಂಬ ಎಲೆ ಉದುರಿಸುವ ವಿಷದಿಂದ ಹಲವರಿಗೆ ಮುಂದೆ ರೋಗಗಳು ಬಂದುವು. 1991ರ ಕಾನೂನಿನ ಪ್ರಕಾರ, ಆ ನೆಲದ ಮೇಲೆ ಇದ್ದವನಿಗೆ ಗೊತ್ತುಮಾಡಿದ ರೋಗಗಳಲ್ಲೊಂದು ಬಂದರೆ ಅದು ಆ ವಿಷದಿಂದಲೇ ಬಂದದ್ದೆಂದು ಭಾವಿಸಿ ಪರಿಹಾರ ಕೊಡಬೇಕು. ಆದರೆ ಆ ನೆಲದ ಮೇಲೆ ಇದ್ದನೆಂಬುದಕ್ಕೆ ರುಜುವಾತು ಬೇಕು. ತೀರದ ಆಚೆ ಹಡಗಿನಲ್ಲಿದ್ದವರನ್ನು ಒಳಗೆ ಸೇರಿಸಿಕೊಳ್ಳಲು 2019ರಲ್ಲೂ, ಥಾಯ್ಲೆಂಡ್ ಮೊದಲಾದ ಕಡೆ ಇದ್ದವರನ್ನು ಸೇರಿಸಿಕೊಳ್ಳಲು 2022ರಲ್ಲೂ ಬೇರೆ ಬೇರೆ ಕಾನೂನುಗಳೇ ಬೇಕಾದುವು. ಹೀಗಿರುವಾಗ ಬಿಟ್ಟುಹೋದ ಒಂದು ಊರಿನ ಹೆಸರು ಎಂದರೆ ಔಷಧ, ಹೆಂಡತಿಯ ಪಿಂಚಣಿ.

ತಪ್ಪು ತಿದ್ದಿಸಿಕೊಳ್ಳಲು ಮಾರ್ಗವಿಲ್ಲದೆ ಇಲ್ಲ. ಮೊದಲಾಗಿದ್ದರೆ ಇಂಥ ತಿದ್ದುಪಡಿಗೆ ಒಬ್ಬೊಬ್ಬ ಸೈನಿಕನ ಹೆಸರಿನಲ್ಲೂ ಅಮೆರಿಕಾದ ಕಾಂಗ್ರೆಸ್ ಸಭೆ ಪ್ರತ್ಯೇಕ ಮಸೂದೆಯನ್ನೇ ಪಾಸು ಮಾಡಬೇಕಾಗಿತ್ತು. 1946ರ ಶಾಸನ ಆ ಪದ್ಧತಿಯನ್ನು ನಿಲ್ಲಿಸಿ, ದಾಖಲೆ ತಿದ್ದುವ ಮಂಡಲಿಗಳಿಗೆ ದಾರಿ ಮಾಡಿತು. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ನ್ಯಾಯದೃಷ್ಟಿಯಿಂದ ತಡವನ್ನು ಮನ್ನಿಸುವ ಅಧಿಕಾರವೂ ಮಂಡಲಿಗೆ ಉಂಟು. ಒಳ್ಳೆಯ ಏರ್ಪಾಡೇ. ನನ್ನ ತಕರಾರು ಇರುವುದು ಅದರ ಬುಡದಲ್ಲಿರುವ ಒಂದು ನಂಬಿಕೆಯ ಮೇಲೆ. ಸರಕಾರಿ ದಾಖಲೆ ಸರಿಯಾಗಿಯೇ ಇದೆ ಎಂದು ಮಂಡಲಿ ಭಾವಿಸಿಕೊಂಡು ಹೊರಡುತ್ತದೆ; ಸರಿಯಿಲ್ಲವೆಂದು ತೋರಿಸುವ ಹೊರೆ ಅರ್ಜಿದಾರನದು. ಬರೆದವನು ಸರಕಾರದ ಗುಮಾಸ್ತ, ಇಟ್ಟುಕೊಂಡದ್ದು ಸರಕಾರದ ಬೀರುವಿನಲ್ಲಿ, ಸಾಕ್ಷಿ ತರಬೇಕಾದವನು ಮಾತ್ರ ಸೈನಿಕ.

ಆ ಬೀರುವಿನ ಗತಿ ಏನಾಯಿತೆಂಬುದನ್ನೂ ನೋಡಿ. 1973ರ ಜುಲೈ 12ರಂದು ಮಿಸೌರಿ ಸಂಸ್ಥಾನದ ಸೇಂಟ್ ಲೂಯಿ ನಗರದ ಬಳಿಯಲ್ಲಿದ್ದ ದಾಖಲೆ ಭಂಡಾರಕ್ಕೆ ಬೆಂಕಿ ಬಿತ್ತು. 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದವರೆಗೆ ಕಡತಗಳು ನಾಶವಾದುವು. 1912ರ ನವೆಂಬರಿನಿಂದ 1960ರ ಆರಂಭದವರೆಗೆ ಭೂಸೈನ್ಯದಿಂದ ಬಿಡುಗಡೆಯಾದವರಲ್ಲಿ ನೂರಕ್ಕೆ ಎಂಬತ್ತು ಮಂದಿಯ ಚರಿತ್ರೆ ಹೊಗೆಯಾಯಿತು. ನಕಲು ಇರಲಿಲ್ಲ, ಮೈಕ್ರೋಫಿಲ್ಮ್ ಮಾಡಿರಲಿಲ್ಲ. ಅಂದಿನಿಂದ ಎರಡು ಮಹಾಯುದ್ಧಗಳ ಮುದುಕರೂ ಕೊರಿಯಾದ ಮುದುಕರೂ ಹಳೆಯ ಸಂಬಳದ ಚೀಟಿ, ಮನೆಗೆ ಬರೆದ ಕಾಗದದ ಮೇಲಿನ ಅಂಚೆ ಮುದ್ರೆ, ಬದುಕಿರುವ ಒಬ್ಬಿಬ್ಬರು ಜೊತೆಗಾರರ ಪ್ರಮಾಣಪತ್ರ, ಇವುಗಳನ್ನು ಹುಡುಕಿಕೊಂಡು ಹೊರಡಬೇಕಾಯಿತು. ಸಾಕ್ಷಿ ಹೇಳುವವರು ವರ್ಷವರ್ಷಕ್ಕೂ ಕಡಮೆಯಾಗುತ್ತಾ ಹೋಗುತ್ತಾರೆ.

ಅದೇ ಜುಲೈ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಇನ್ನೊಂದು ವಿಷಯ ಹೊರಬಿತ್ತು. ವಾಯುಪಡೆಯಲ್ಲಿ ಮೇಜರ್ ಆಗಿದ್ದ ಹಾಲ್ ನೈಟ್ ಎಂಬವರು ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. 1969ರಿಂದ 1970ರವರೆಗೆ ಕಾಂಬೋಡಿಯಾದ ಮೇಲೆ ಗುಟ್ಟಾಗಿ ಬಾಂಬು ಹಾಕುತ್ತಿದ್ದಾಗ, ನಿಜವಾದ ಗುರಿಗಳ ಕಾಗದವನ್ನು ಸುಟ್ಟು, ದಕ್ಷಿಣ ವಿಯೆಟ್ನಾಮಿನಲ್ಲೇ ಬಾಂಬು ಹಾಕಿದಂತೆ ಸುಳ್ಳು ವರದಿ ಬರೆಯಲು ತಮಗೆ ಆಜ್ಞೆಯಾಗಿತ್ತೆಂದರು. ಗುಮಾಸ್ತನ ಕೈತಪ್ಪು ಒಂದು, ಆಕಸ್ಮಿಕವಾದ ಬೆಂಕಿ ಒಂದು. ಬೇಕೆಂದೇ ಹಚ್ಚಿದ ಬೆಂಕಿ ಬೇರೆಯೇ ಮಾತು. ತನ್ನ ದಾಖಲೆ ತಾನಾಗಿಯೇ ಸತ್ಯವೆಂದು ಭಾವಿಸಿಕೊಳ್ಳುವ ಅಧಿಕಾರವನ್ನು ಒಂದು ಸರಕಾರ ಎಷ್ಟು ಸಲ ಕಳೆದುಕೊಳ್ಳಬಹುದು?

ಹಾಗೆಂದು ಕೇಳಿದವರಿಗೆಲ್ಲ ಬರೆದುಕೊಡಲಾಗದು ಎಂಬುದೂ ನಿಜ. ಪಡೆಯದ ಪದಕವನ್ನು ಪಡೆದೆನೆಂದು ಹೇಳಿಕೊಳ್ಳುವವರ ಸಂಖ್ಯೆ ಆ ದೇಶದಲ್ಲಿ ಎಷ್ಟಾಯಿತೆಂದರೆ 2005ರ ಒಂದು ಕಾನೂನು ಅದನ್ನು ಅಪರಾಧವೆಂದೇ ಮಾಡಿತು. ಬರಿಯ ಸುಳ್ಳು ಮಾತಿಗೆ ಶಿಕ್ಷೆ ಕೂಡದೆಂದು 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಹಣ ಮೊದಲಾದ ಲಾಭಕ್ಕಾಗಿ ಹೇಳಿದ ಸುಳ್ಳಿಗೆ ಮಾತ್ರ ಅನ್ವಯಿಸುವಂತೆ 2013ರಲ್ಲಿ ಹೊಸ ಕಾನೂನು ಬಂತು. ಇನ್ನು ಅಡ್ಮಿರಲ್ ಜೆರೆಮಿ ಬೋರ್ಡಾ ಅವರದು ಯಾವ ಗುಂಪಿಗೆ ಸೇರಿಸಬೇಕೆಂದು ತಿಳಿಯದ ಪ್ರಸಂಗ. ಸಾಮಾನ್ಯ ನಾವಿಕನಾಗಿ ಸೇರಿ ನೌಕಾಪಡೆಯ ಮುಖ್ಯಸ್ಥರಾದವರು ಅವರು. ಪದಕದ ಪಟ್ಟಿಯ ಮೇಲೆ ಧರಿಸುತ್ತಿದ್ದ, ಯುದ್ಧದಲ್ಲಿ ಭಾಗವಹಿಸಿದ್ದನ್ನು ಸೂಚಿಸುವ, ಎರಡು ಪುಟ್ಟ ಲೋಹದ ಅಕ್ಷರಗಳಿಗೆ ಅವರು ಅರ್ಹರಿದ್ದರೆ ಎಂದು ಪತ್ರಿಕೆಯವರು ಪ್ರಶ್ನಿಸಲು ಬರುತ್ತಿದ್ದ ದಿನವೇ, 1996ರ ಮೇ 16ರಂದು, ಪ್ರಾಣ ಬಿಟ್ಟುಕೊಂಡರು. 1998ರಲ್ಲಿ, ಹಿಂದೆ ಅವರದೇ ಸ್ಥಾನದಲ್ಲಿದ್ದ ಅಡ್ಮಿರಲ್ ಜುಮ್ವಾಲ್ಟರು ಬೋರ್ಡಾ ಅದನ್ನು ಧರಿಸಿದ್ದು ಯೋಗ್ಯವೇ ಎಂದು ಬರೆದ ಪತ್ರವನ್ನು ಕಡತಕ್ಕೆ ಸೇರಿಸಲಾಯಿತು. ಎಲ್ಲರೂ ಅದನ್ನು ಒಪ್ಪಲಿಲ್ಲ.

ಆದ್ದರಿಂದ ಪರೀಕ್ಷೆ ಬೇಡವೆಂದು ನಾನು ಹೇಳಲಾರೆ. ಪರೀಕ್ಷೆಯ ಶ್ರಮ ಯಾರದೆಂಬುದಷ್ಟೇ ನನ್ನ ಪ್ರಶ್ನೆ. ಕಡತ ಕಳೆದವನು, ಸುಟ್ಟವನು, ಸುಳ್ಳು ಬರೆಸಿದವನು ಸರಕಾರವೇ ಆಗಿರುವಲ್ಲಿ ಹುಡುಕುವ ಕೆಲಸವೂ ಸರಕಾರದ್ದೇ ಆಗಬೇಕು. ಸಂದೇಹ ಉಳಿದರೆ ಅದು ಸೈನಿಕನ ಕಡೆಗೆ ವಾಲಬೇಕು. ನೂರು ಮಂದಿಯಲ್ಲಿ ಇಬ್ಬರು ಮೂವರು ಸುಳ್ಳುಗಾರರು ನುಸುಳಿಕೊಂಡರೆ ಖಜಾನೆಗೆ ಸ್ವಲ್ಪ ನಷ್ಟ. ನಿಜವಾಗಿ ಹೋಗಿಬಂದ ಒಬ್ಬನನ್ನು ಹೋಗಿಲ್ಲವೆಂದರೆ ಅವನ ಆಯುಷ್ಯದ ಎರಡು ವರ್ಷಗಳನ್ನೇ ಇಲ್ಲವೆನಿಸಿದಂತೆ.

ಸಣ್ಣಪುಟ್ಟ ತಪ್ಪುಗಳನ್ನು ತಿದ್ದುವ ಅವರ ಕ್ರಮದಲ್ಲಿ ನನಗೆ ಮೆಚ್ಚಿಕೆಯಾದ ಅಂಶವೊಂದಿದೆ. ಹಳೆಯ ಪತ್ರವನ್ನು ಹರಿದುಹಾಕುವುದಿಲ್ಲ. ಡಿಡಿ 215 ಎಂಬ ಇನ್ನೊಂದು ಹಾಳೆಯಲ್ಲಿ, ಇಂಥ ಕಡೆ ಇದನ್ನು ತೆಗೆದು ಇದನ್ನು ಸೇರಿಸಿಕೊಳ್ಳಿ ಎಂದು ಬರೆದು ಜೊತೆಗೆ ಕೊಡುತ್ತಾರೆ. ತಪ್ಪೂ ಉಳಿಯುತ್ತದೆ, ತಿದ್ದಿದ್ದೂ ಉಳಿಯುತ್ತದೆ. ಎರಡನ್ನೂ ಓದಿದವನಿಗೆ ಯಾರು ಎಡವಿದರೆಂಬುದು ತಿಳಿಯುತ್ತದೆ.

ಸೇಂಟ್ ಲೂಯಿಯ ಬೆಂಕಿಯಿಂದ ಸುಮಾರು 65 ಲಕ್ಷ ಕಡತಗಳು ಅರೆಬೆಂದೋ ನೀರಿನಲ್ಲಿ ನೆನೆದೋ ಉಳಿದುಕೊಂಡುವು. ಅವನ್ನು ಒಣಗಿಸಿ, ಪ್ರತ್ಯೇಕವಾಗಿ ಇಟ್ಟಿದ್ದಾರೆ. ಯಾರದಾದರೂ ಅರ್ಜಿ ಬಂದಾಗ ಕೆಲಸದವರು ಆ ಕಡತವನ್ನು ಹೊರತೆಗೆದು, ಅಂಚೆಲ್ಲ ಕಪ್ಪಾಗಿ ಒಂದಕ್ಕೊಂದು ಅಂಟಿಕೊಂಡಿರುವ ಹಾಳೆಗಳನ್ನು ಮೆಲ್ಲನೆ ಬಿಡಿಸಿ, ನಡುವೆ ಉಳಿದಿರುವ ಅಕ್ಷರಗಳಲ್ಲಿ ಹಡಗಿನ ಹೆಸರೋ ಬಂದರಿನ ಹೆಸರೋ ಇದೆಯೇ ಎಂದು ನೋಡುತ್ತಾರೆ.