ಕಾಲುಗುರಿನ ರೋಗವೂ ನಾಚಿಕೆಯೂ

ನಾಚಿಕೆಯು ಮನುಷ್ಯನಿಗೆ ಒಳ್ಳೇ ಕಾವಲುಗಾರನಾಗಿದೆ. ಸುಳ್ಳಾಡಿದವನೂ ಆಳಿನ ಕೂಲಿಯನ್ನು ಹಿಡಿದಿಟ್ಟವನೂ ನಾಚಿಕೊಳ್ಳುವದು ಯುಕ್ತವೇ. ಆದರೆ ತಪ್ಪನ್ನೇ ಮಾಡದವನು ನಾಚಿ ಅಡಗಿಸಿಕೊಳ್ಳುವದು ಯುಕ್ತವೋ?

ಬೆಂಗಳೂರಿನ ಅತ್ತಿಗುಪ್ಪೆಯನ್ನು ನೋಡಿರಿ. ಮೊದಲು ಹಳ್ಳಿಯಾಗಿದ್ದ ಆ ಸ್ಥಳಕ್ಕೆ 2015ರಲ್ಲಿ ಮೆಟ್ರೋ ರೈಲು ಬಂತು. ಹೊಲದಲ್ಲಿ ಬರಿಗಾಲಲ್ಲಿ ನಡೆದವನು ಇಂಥ ಪೇಟೆಯಲ್ಲಿ ಕಾವಲು ಕೆಲಸಕ್ಕೆ ಸೇರಿದರೆ ದಿನವೆಲ್ಲಾ ಬೂಟು ತೊಡಬೇಕು. ಬೆವರಿನ ತೇವವೂ ಬಿಸಿಯೂ ಕತ್ತಲೆಯೂ ಇರುವಲ್ಲಿ ಬೂಷ್ಟು ಬೆಳೆಯುತ್ತದೆ. ಉಗುರು ಹಳದಿಯಾಗಿ ದಪ್ಪಗಾಗಿ ಪುಡಿಯಾಗುತ್ತದೆ. ನಮ್ಮ ದೇಶದಲ್ಲಾದರೋ ಜೋಡುಗಳನ್ನು ಬಾಗಲಲ್ಲೇ ಬಿಡಬೇಕಷ್ಟೆ. ಆದದರಿಂದ ಅಂಥವನು ಮದುವೆಯ ಮನೆಗೂ ಹೋಗಲು ಹಿಂಜರಿಯುತ್ತಾನೆ. ಕಾಲುಂಗುರವಿಟ್ಟ ಸೊಸೆಯು ಸೀರೆಯ ಅಂಚಿನಲ್ಲಿ ಬೆರಳುಗಳನ್ನು ಮುಚ್ಚಿಕೊಳ್ಳುತ್ತಾಳೆ.

ಈ ರೋಗವು ದುರ್ನಡತೆಯ ಗುರುತಲ್ಲ, ಶುಚಿಯಾಗಿರುವವರಿಗೂ ಬರುತ್ತದೆ. ಅತ್ತಿಯ ಹಣ್ಣು ಹೊರಗೆ ಚಂದ, ಬಿಚ್ಚಿದರೆ ಹುಳ ಎಂದು ಹಿರಿಯರು ಹೇಳುವರು. ಹೊರಗೆ ಉಗುರು ಕೆಟ್ಟು ಒಳಗೆ ಮನಸ್ಸು ಚೊಕ್ಕಟವಾಗಿರುವವನು ಆ ಹಣ್ಣಿಗಿಂತ ಲೇಸಲ್ಲವೋ?

ಮರೆಮಾಡುವದರಿಂದ ಕೇಡೇ ಹೆಚ್ಚುತ್ತದೆ. ಮುಚ್ಚಿದಷ್ಟೂ ಬೂಷ್ಟಿಗೆ ಅನುಕೂಲ. ಒಂದೇ ಉಗುರುಕತ್ತರಿಯನ್ನು ಮನೆಯವರೆಲ್ಲರೂ ಬಳಸಿದರೆ ರೋಗವು ಅವರಿಗೂ ತಗಲಬಹುದು. ಸಕ್ಕರೆ ಕಾಯಿಲೆಯುಳ್ಳವರಿಗೆ ಕಾಲಿನ ಸಣ್ಣ ಬಿರುಕೂ ದೊಡ್ಡ ಹುಣ್ಣಾದೀತು. ಹೀಗಿರಲಾಗಿ ನಾಚಿಕೆಯ ಮೌನವು ರೋಗಿಯೊಬ್ಬನ ಸಂಗತಿ ಮಾತ್ರವಲ್ಲ.

ದಪ್ಪಗಾದ ಉಗುರೆಲ್ಲಾ ಬೂಷ್ಟಿನದಲ್ಲ. ಪೆಟ್ಟಿನಿಂದಲೂ ಬೇರೆ ಚರ್ಮರೋಗದಿಂದಲೂ ಹಾಗಾಗುವದುಂಟು. ವೈದ್ಯರು ಉಗುರಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ನಿಶ್ಚಯಿಸುವರು. 1900ರಿಂದ ಜನರಿಗೆ ತೆರೆದಿರುವ ವಿಕ್ಟೋರಿಯಾದಂಥ ಸರ್ಕಾರಿ ಆಸ್ಪತ್ರೆಗೆ ಬಡವನೂ ಹೋಗಬಹುದು. ಟರ್ಬಿನಫಿನ್ ಎಂಬ ಮಾತ್ರೆಯನ್ನು ಸಾಮಾನ್ಯವಾಗಿ 12 ವಾರ ಕೊಡುತ್ತಾರೆ. ಅದು ಯಕೃತ್ತನ್ನು ಬಾಧಿಸಬಹುದಾದ ಕಾರಣ ವೈದ್ಯರ ಅಪ್ಪಣೆಯಿಲ್ಲದೆ ನುಂಗಬಾರದು. ಹೆಬ್ಬೆರಳಿನ ಹೊಸ ಉಗುರು ಪೂರ್ಣವಾಗಿ ಬರಲು 12ರಿಂದ 18 ತಿಂಗಳು ಬೇಕು. ವಾಸಿಯಾದ ಮೇಲೆಯೂ ರೋಗವು ತಿರುಗಿ ಬರುವದುಂಟು. ಆದರೂ ಧೈರ್ಯಗೆಡಬೇಡಿರಿ, ದಿನಾಲು ಕಾಲು ತೊಳೆದು ಬೆರಳ ಸಂದುಗಳನ್ನು ಒರಸಿರಿ, ಒಣಗಿದ ಕಾಲುಚೀಲವನ್ನೇ ತೊಡಿರಿ.

ನೋಡುವವರಾದ ನಮಗೂ ಒಂದು ಕರ್ತವ್ಯವುಂಟು. ರೋಗಿಯ ನಾಚಿಕೆಯಲ್ಲಿ ಅರ್ಧ ಪಾಲನ್ನು ನಮ್ಮ ಕಣ್ಣುಗಳೇ ಹುಟ್ಟಿಸುತ್ತವೆ. ಹೊಸ್ತಿಲಲ್ಲಿ ಹಿಂಜರಿದು ನಿಂತವನ ಕಾಲನ್ನು ದಿಟ್ಟಿಸದೆ, ಅವನ ಮುಖವನ್ನು ನೋಡಿ, “ಒಳಗೆ ಬನ್ನಿರಿ” ಎನ್ನೋಣ. ಹಾಗೆ ಕರೆಯಲ್ಪಟ್ಟವನಿಗೆ ತನ್ನ ಕಾಲನ್ನು ವೈದ್ಯರಿಗೆ ತೋರಿಸುವ ಧೈರ್ಯವೂ ಬಂದೀತು.