ನಿಲ್ಲುವ ಹಕ್ಕು

ಯಲಹಂಕ ಉಪನಗರದಲ್ಲಿ ನಾನು ಬಾಡಿಗೆಗಿರುವ ಕೋಣೆ ಮೊದಲ ಮಹಡಿಯಲ್ಲಿದೆ. ಕೆಳಗೆ ಮಾಲೀಕರಾದ ಅಂಕಲ್ ಮತ್ತು ಆಂಟಿ ಇಬ್ಬರೇ ಇದ್ದಾರೆ. ಅಂಕಲ್ ಇಲ್ಲಿಯ ರೈಲು ಗಾಲಿ ಕಾರ್ಖಾನೆಯಲ್ಲಿ 32 ವರ್ಷ ದುಡಿದು ನಿವೃತ್ತರಾದವರು. ಆಂಟಿ ಶಾಲೆಯಲ್ಲಿ ಟೀಚರಾಗಿದ್ದವರು. ರಾತ್ರಿ ಊಟವಾದ ಮೇಲೆ ಇಬ್ಬರೂ ಟೀವಿಯ ಮುಂದೆ ಕೂತು ಯೂಟ್ಯೂಬಿನಲ್ಲಿ ಒಂದೇ ಬಗೆಯ ವಿಡಿಯೋ ನೋಡುತ್ತಾರೆ. ತಲೆ ನರೆತ ಗಂಡಹೆಂಡತಿ ಒಂದು ವ್ಯಾನನ್ನೇ ಮನೆ ಮಾಡಿಕೊಂಡು ಪೋರ್ಚುಗಲ್, ಸ್ಪೇನ್ ದೇಶಗಳ ದಕ್ಷಿಣ ಕರಾವಳಿಯುದ್ದಕ್ಕೂ ನಿಧಾನವಾಗಿ ಸಾಗುತ್ತಾರೆ. ಬೆಳಿಗ್ಗೆ ಹಿಂದಿನ ಬಾಗಿಲು ತೆರೆದರೆ ಬಿಸಿಲು, ಮರಳು, ಸಮುದ್ರ. ಅವರು ಕಾಫಿ ಕಾಸುತ್ತಾರೆ, ಕೂರುತ್ತಾರೆ, ಮನಸ್ಸಾದರೆ ಮುಂದಿನ ಊರಿಗೆ ಹೋಗುತ್ತಾರೆ. ಒಂದು ದಿನ ಆಂಟಿ ಅಂದರು: "ನಾವೂ ಹಿಂಗೇ ಒಂದ್ಸಲ ಹೋಗಿಬರಬೇಕು ಕಣೇ."

ಕಳೆದ ಜನವರಿಯಲ್ಲಿ ಹೋಗಿಯೇಬಿಟ್ಟರು. ಮಂಚ, ಒಲೆ, ಪುಟ್ಟ ಸಿಂಕು ಇರುವ ವ್ಯಾನೊಂದನ್ನು ಬಾಡಿಗೆಗೆ ಹಿಡಿದು, ಹುಬ್ಬಳ್ಳಿ ದಾಟಿ ಅಂಕೋಲೆಗೆ ಇಳಿದರು. ಕಾರವಾರದಿಂದ ಮಂಗಳೂರಿಗೆ ಒಂದು ಹಗಲಿನಲ್ಲಿ ಮುಗಿಯುವ ದಾರಿಗೆ ಹನ್ನೊಂದು ದಿನ ತೆಗೆದುಕೊಂಡರು. ರಾತ್ರಿ ಯಾವುದಾದರೂ ಹೋಂಸ್ಟೇ ಅಂಗಳದಲ್ಲಿ ಬಾಡಿಗೆ ಕೊಟ್ಟು ವ್ಯಾನ್ ನಿಲ್ಲಿಸಿ ಅದರಲ್ಲೇ ಮಲಗಿದರು.

ಈ ಸುದ್ದಿಯನ್ನು ನಾನು ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಗಾಡೀಲಿ ಮಲ್ಗಕ್ಕೆ ದುಡ್ಡು ಕೊಡ್ತಾರೇನಮ್ಮ?"

ಅಪ್ಪ 29 ವರ್ಷ ಲಾರಿ ಓಡಿಸಿದವನು. ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ, ಆಲೂಗಡ್ಡೆ ತುಂಬಿಕೊಂಡು ನೆಲಮಂಗಲ, ಹಾಸನ, ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ. ಅಲ್ಲಿಂದ ಒಮ್ಮೊಮ್ಮೆ ಉಡುಪಿ, ಕುಂದಾಪುರ, ಭಟ್ಕಳದವರೆಗೆ. ಬಾಡಿಗೆ ಸಿಕ್ಕರೆ ವಾಪಸ್ ಬರುವಾಗ ಹೆಂಚು. ನಿದ್ದೆ ಕ್ಯಾಬಿನ್ನಿನಲ್ಲಿ, ಸ್ನಾನ ಪೆಟ್ರೋಲ್ ಬಂಕಿನ ನಲ್ಲಿಯಲ್ಲಿ. ಅಂಕಲ್ ಆಂಟಿ ಹೋದ ಅದೇ ಕರಾವಳಿ ರಸ್ತೆ. ಅದರ ಸಂಖ್ಯೆ ಆಗ 17, ಈಗ 66. ಮರವಂತೆಯಲ್ಲಿ ಆ ರಸ್ತೆಯ ಒಂದು ಪಕ್ಕ ಅರಬ್ಬಿ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಆ ಜಾಗ ಅಪ್ಪನಿಗೆ ಗೊತ್ತು. ಆದರೆ ಅವನು ಬಹುಪಾಲು ಅದನ್ನು ದಾಟಿದ್ದು ರಾತ್ರಿಯಲ್ಲಿ. ಅವನ ಮಟ್ಟಿಗೆ ಅಲ್ಲಿಯ ಸಮುದ್ರವೆಂದರೆ ಎಡಗಡೆ ಕಿಟಕಿಯಿಂದ ಬರುವ ಸದ್ದು ಮತ್ತು ಉಪ್ಪುಗಾಳಿ. ಅಮ್ಮನಿಗಂತೂ ಅದೂ ಇಲ್ಲ.

ಒಂದೇ ರಸ್ತೆ, ವಾಹನದೊಳಗೆ ಅದೇ ನಿದ್ದೆ. ಒಂದಕ್ಕೆ ಪ್ರವಾಸವೆಂದು ಹೆಸರು, ಇನ್ನೊಂದಕ್ಕೆ ದುಡಿಮೆಯೆಂದು. ಈ ಎರಡರ ನಡುವಿನ ವ್ಯತ್ಯಾಸ ಎಲ್ಲಿದೆ? ಅಪ್ಪನ ಪ್ರಶ್ನೆ ನನ್ನನ್ನು ತಿಂಗಳುಗಟ್ಟಲೆ ಬಿಡಲಿಲ್ಲ.

ಮೊದಲು ಹೊಳೆಯುವ ಉತ್ತರ, ಅವರು ದುಡಿದು ಸಂಪಾದಿಸಿದ ವಿರಾಮ ಅದು ಎಂಬುದು. ಆದರೆ ಅಪ್ಪನೂ ದುಡಿದಿದ್ದಾನೆ. ದುಡಿತದ ಗಂಟೆಗಳನ್ನು ಲೆಕ್ಕ ಹಾಕಿದರೆ ಅಪ್ಪನದೇ ಹೆಚ್ಚಾದೀತು. ಹಣದ ವ್ಯತ್ಯಾಸ ಎನ್ನುವುದು ಎರಡನೆಯ ಉತ್ತರ. ಅದು ಸುಳ್ಳಲ್ಲ, ಸಾಲದು ಅಷ್ಟೆ. ಅಂಕಲ್ ಜೊತೆ ಮಾತಾಡುತ್ತಾ ನನಗೆ ತಿಳಿದದ್ದು ಬೇರೆ. ಅವರ ಬದುಕಿನಲ್ಲಿ ವಿರಾಮ ನಿವೃತ್ತಿಯ ಮರುದಿನ ದಿಢೀರನೆ ಬಂದದ್ದಲ್ಲ. ಶಿಫ್ಟ್ ಮುಗಿಯುವ ಹೊತ್ತು ಗೊತ್ತಿತ್ತು, ವಾರದ ರಜೆಯಿತ್ತು, ಸಂಬಳ ಸಹಿತ ರಜೆಯಿತ್ತು, ರೈಲ್ವೆ ಪಾಸಿತ್ತು. ಆ ಪಾಸಿನಲ್ಲೇ ಮಕ್ಕಳನ್ನು ಕಟ್ಟಿಕೊಂಡು ರಾಮೇಶ್ವರ, ಪುರಿ ನೋಡಿಬಂದಿದ್ದಾರೆ. ಸುಮ್ಮನೆ ಇರುವುದನ್ನೂ ಮನುಷ್ಯ ಕಲಿಯಬೇಕು. ಕಲಿಯಲು ಅವರಿಗೆ 32 ವರ್ಷ ಅವಕಾಶವಿತ್ತು. ಅಪ್ಪನಿಗೆ ರಜೆಯೆಂದರೆ ಲೋಡ್ ಸಿಗದ ದಿನ. ಅಂದರೆ ಸಂಪಾದನೆಯಿಲ್ಲದ ದಿನ. ಅದನ್ನು ಅವನು ಯಾಕೆ ಪ್ರೀತಿಸಬೇಕು?

ವಿರಾಮದ ಬಗ್ಗೆ ಬರೆದ ತತ್ತ್ವಜ್ಞಾನಿಗಳಲ್ಲಿ ಮೊದಲು ನೆನಪಾಗುವವನು ಅರಿಸ್ಟಾಟಲ್. ನಾವು ದುಡಿಯುವುದೇ ವಿರಾಮಕ್ಕಾಗಿ ಎಂಬರ್ಥದ ಮಾತನ್ನು ಅವನು ಹೇಳುತ್ತಾನೆ. ಇಂಗ್ಲಿಷಿನ 'ಸ್ಕೂಲ್' ಎಂಬ ಪದವೂ ವಿರಾಮ ಎಂಬರ್ಥದ ಗ್ರೀಕ್ ಪದದಿಂದಲೇ ಬಂದದ್ದು. ಆದರೆ ಅವನ ಊರಿನ ಸ್ವತಂತ್ರ ಗಂಡಸರ ವಿರಾಮ ನಿಂತಿದ್ದು ಗುಲಾಮರ ಮತ್ತು ಹೆಂಗಸರ ದುಡಿಮೆಯ ಮೇಲೆ. ಬರ್ಟ್ರಂಡ್ ರಸೆಲ್ 1932ರಲ್ಲಿ ಸೋಮಾರಿತನವನ್ನು ಹೊಗಳಿ ಬರೆದ ಪ್ರಬಂಧದಲ್ಲಿ ದಿನಕ್ಕೆ ನಾಲ್ಕು ಗಂಟೆ ದುಡಿದರೆ ಸಾಕಾಗುವ ಸಮಾಜವೊಂದನ್ನು ಮುಂದಿಡುತ್ತಾನೆ. ವಿರಾಮ ಕೆಲವರ ಸೊತ್ತಾಗದೆ ಎಲ್ಲರಿಗೂ ಹಂಚಿಕೆಯಾಗಬೇಕೆಂಬುದು ಅವನ ವಾದದ ತಿರುಳು.

ಹೀಗೆ ಹಂಚಿದ ಒಂದು ಉದಾಹರಣೆ ಚರಿತ್ರೆಯಲ್ಲಿದೆ. 1936ರಲ್ಲಿ ಫ್ರಾನ್ಸಿನ ಲಿಯೋನ್ ಬ್ಲೂಮ್ ಸರ್ಕಾರ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆಯನ್ನು ಕಾನೂನು ಮಾಡಿತು. ಆ ಬೇಸಿಗೆಯಲ್ಲಿ ಎಷ್ಟೋ ಕಾರ್ಮಿಕ ಕುಟುಂಬಗಳು ಬದುಕಿನಲ್ಲಿ ಮೊದಲ ಸಲ ಸಮುದ್ರ ನೋಡಿದವು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೇ ವಿಧಿ ವಿಶ್ರಾಂತಿಯನ್ನೂ ವಿರಾಮವನ್ನೂ ಹಕ್ಕೆಂದೇ ಕರೆಯಿತು. ಇಂದು ಆಂಟಿಯ ಟೀವಿಯಲ್ಲಿ ಕಾಣುವ ಬಿಸಿಲಿನ ದಡಗಳ ಹಿಂದೆ ಇಂಥ ಹೋರಾಟಗಳೂ ಕಾನೂನುಗಳೂ ಇವೆ.

ಅದೇ ಯುರೋಪಿನ ಇನ್ನೊಂದು ನಿಯಮ ಓದಿದಾಗ ನನಗೆ ಅಪ್ಪನ ಪ್ರಶ್ನೆಯೇ ಮತ್ತೆ ಕೇಳಿಸಿತು. ಅಲ್ಲಿ ಲಾರಿ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ಕಡ್ಡಾಯ. ವಾರದ ಪೂರ್ಣ ವಿಶ್ರಾಂತಿ ಕನಿಷ್ಠ 45 ಗಂಟೆ. ಆ 45 ಗಂಟೆಗಳನ್ನು ಲಾರಿಯ ಕ್ಯಾಬಿನ್ನಿನಲ್ಲಿ ಕಳೆಯುವಂತಿಲ್ಲ ಎಂದು ಯುರೋಪ್ ಒಕ್ಕೂಟದ ನ್ಯಾಯಾಲಯ 2017ರ ಡಿಸೆಂಬರಿನಲ್ಲಿ ಹೇಳಿತು. 2020ರಲ್ಲಿ ಅದನ್ನು ಕಾನೂನಿನಲ್ಲೇ ಸ್ಪಷ್ಟವಾಗಿ ಬರೆದರು. ಅಂದರೆ, ಒಂದೇ ಕರಾವಳಿಯಲ್ಲಿ ನಿವೃತ್ತ ದಂಪತಿ ವಾಹನದೊಳಗೆ ಮಲಗಿದರೆ ಅದು ಸುಖ. ಚಾಲಕನೊಬ್ಬ ವಾರದ ರಜೆಯನ್ನು ವಾಹನದೊಳಗೆ ಕಳೆಯಬೇಕಾಗಿ ಬಂದರೆ ಅದು ಅನ್ಯಾಯ. ಕಾನೂನು ಇಲ್ಲಿ ಗೊಂದಲಕ್ಕೆ ಬಿದ್ದಿಲ್ಲ. ಮಲಗಿದವನು ಎದ್ದು ಬೇರೆಡೆ ಹೋಗಬಲ್ಲನೇ ಎಂದು ನೋಡಿದೆ.

ನಮ್ಮಲ್ಲಿಯೂ ಕಾನೂನು ಇರಲಿಲ್ಲವೆಂದಲ್ಲ. ಅಪ್ಪ ಲಾರಿ ಓಡಿಸಿದ ಕಾಲದುದ್ದಕ್ಕೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಜಾರಿಯಲ್ಲಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಅದು ಮಿತಿ ಹಾಕಿತ್ತು. ಆದರೆ ಅದು ಅನ್ವಯವಾಗುತ್ತಿದ್ದುದು ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ. ಅಪ್ಪನ ಮಾಲೀಕರಿಗೆ ಇದ್ದದ್ದು ಎರಡೇ ಲಾರಿ: ಇಬ್ಬರು ಡ್ರೈವರು, ಇಬ್ಬರು ಕ್ಲೀನರು. ಒಬ್ಬನ ಲೆಕ್ಕದಲ್ಲಿ ಅಪ್ಪ ಕಾನೂನಿನಿಂದ ಹೊರಗುಳಿದ.

ಸಾಹಿತ್ಯ ಓದುವ ನಮಗೆ ಚಲನೆಯ ಮೇಲೆ ವಿಶೇಷ ಮೋಹ. ಸ್ಥಾವರ, ಜಂಗಮ ಎಂದೊಡನೆ ಜಂಗಮದ ಕಡೆ ವಾಲುತ್ತೇವೆ. ಕುವೆಂಪು ಅವರಿಂದ ಅನಿಕೇತನವೆಂಬ ಪದ ಕಲಿತಿದ್ದೇವೆ. ನಾನೂ ಸಂಶೋಧನೆಯ ಟಿಪ್ಪಣಿಗಳಲ್ಲಿ ಈ ಪದಗಳನ್ನು ಧಾರಾಳವಾಗಿ ಬಳಸಿದ್ದೇನೆ. ಆದರೆ 29 ವರ್ಷ ಚಲಿಸುತ್ತಲೇ ಇದ್ದ ಮನುಷ್ಯನ ಮನೆಯಲ್ಲಿ ಬೆಳೆದವಳು ಇದನ್ನೂ ಹೇಳಬೇಕು: ಚಲಿಸಿದ್ದೆಲ್ಲ ಜಂಗಮವಲ್ಲ. ಬೇರೆಯವರ ಗಡುವಿಗೆ ಓಡುವವನ ಕಾಲಿಗೆ ಗಾಲಿಯಿದ್ದರೂ ಅವನು ಕಟ್ಟಿಹಾಕಲ್ಪಟ್ಟವನೇ. 'ಇವತ್ತು ಇಲ್ಲೇ ಇರೋಣ' ಎನ್ನಲು ಆಗುತ್ತದೆಯೇ ಎಂಬುದು ಸ್ವಾತಂತ್ರ್ಯದ ಪರೀಕ್ಷೆ. ಪ್ರವಾಸವನ್ನು ಪ್ರವಾಸವಾಗಿಸುವುದು ಹೋಗುವ ಶಕ್ತಿಗಿಂತ ಹೆಚ್ಚಾಗಿ ನಿಲ್ಲುವ ಹಕ್ಕು.

ಹಾಗಾದರೆ ಅಂಕಲ್ ಆಂಟಿ ಹೋಗಬಾರದಿತ್ತೇ? ಒಂದೆರಡು ವಾರ ನಾನು ಹಾಗೇ ಯೋಚಿಸಿದೆ; ಮೆಟ್ಟಿಲಲ್ಲಿ ಆಂಟಿ ಸಿಕ್ಕರೆ ಮುಖ ಗಂಟು ಹಾಕಿಕೊಂಡದ್ದೂ ಉಂಟು. ಅದು ತಪ್ಪು. ಅವರು ವ್ಯಾನ್ ಹತ್ತದೆ ಮನೆಯಲ್ಲಿ ಉಳಿದಿದ್ದರೆ ಅಪ್ಪನಿಗೆ ಒಂದು ಗಂಟೆಯ ನಿದ್ದೆಯೂ ಹೆಚ್ಚಿಗೆ ಸಿಗುತ್ತಿರಲಿಲ್ಲ. ಇನ್ನೊಬ್ಬರ ಸುಖಕ್ಕೆ ನಾಚಿಕೆ ಹುಟ್ಟಿಸುವುದು ನ್ಯಾಯದ ಕೆಲಸವಲ್ಲ. ಜೊತೆಗೆ ಆ ಸುಖದೊಳಗೂ ಹಂಚಿಕೆಯ ಪ್ರಶ್ನೆಯಿತ್ತು. ಪ್ರವಾಸ ಹೇಗಿತ್ತು ಎಂದು ಕೇಳಿದ್ದಕ್ಕೆ ಆಂಟಿ ನಕ್ಕರು: "ಅಲ್ಲೂ ಮೂರು ಹೊತ್ತು ಒಲೆ ಮುಂದೆ ನಾನೇ. ಆದ್ರೆ ಒಲೆ ಮುಂದೆ ನಿಂತ್ರೆ ಸಮುದ್ರ ಕಾಣ್ತಿತ್ತು ನೋಡು."

ಆದ್ದರಿಂದ ವಿರಾಮವಿರುವವರಿಂದ ನಾನು ಕೇಳುವುದು ತ್ಯಾಗವನ್ನಲ್ಲ. ಅದನ್ನು ಬರೀ ಸ್ವಂತ ಸಾಧನೆಯೆಂದು ತಿಳಿಯದಿರಲಿ ಎಂಬುದಷ್ಟೇ ನನ್ನ ಕೋರಿಕೆ. ರಜೆಯ ದಿನವೊಂದು ನಮ್ಮ ಕೈಗೆ ಬಂದಿದ್ದರೆ ಅದಕ್ಕಾಗಿ ಹಿಂದೆ ಯಾರೋ ಮುಷ್ಕರ ಹೂಡಿದ್ದಾರೆ, ಯಾರೋ ಕಾನೂನು ಬರೆದಿದ್ದಾರೆ. ಆ ಋಣವನ್ನು ನಿನ್ನೆಯವರಿಗೆ ತೀರಿಸಲಾಗದು. ಇನ್ನೂ ರಜೆ ಕಾಣದವರ ಪರ ನಿಲ್ಲುವುದೊಂದೇ ದಾರಿ. ಫೆಲೋಶಿಪ್ ಪಡೆದು ಹಗಲೆಲ್ಲ ಓದುತ್ತಾ ಕೂರುವ ನಾನೂ ಆ ಋಣದಿಂದ ಹೊರಗಿಲ್ಲ. ನನ್ನ ಈ ವಿರಾಮಕ್ಕೆ ಅಪ್ಪನ ರಾತ್ರಿಗಳ ಬೆಲೆಯಿದೆ.

ವ್ಯಾನ್ ಹಿಂದಿರುಗಿದ ದಿನವೇ ಅಪ್ಪ ಊರಿಂದ ರಾಗಿಹಿಟ್ಟು ತಂದಿದ್ದ. ಗೇಟಿನ ಮುಂದೆ ನಿಂತಿದ್ದ ವ್ಯಾನನ್ನು ಅಂಕಲ್ ಅವನಿಗೆ ಖುಷಿಯಿಂದ ತೋರಿಸಿದರು. ಅಪ್ಪ ಒಳಗೆ ಇಣುಕಿ ಮಂಚದ ಮೇಲೆ ಅಂಗೈ ಒತ್ತಿ ನೋಡಿದ. ಆಮೇಲೆ ಸುತ್ತು ಬಂದು ನಾಲ್ಕೂ ಟೈರು ಪರೀಕ್ಷಿಸಿದ. ಅಂಕಲ್ ಮೊಬೈಲಿನಲ್ಲಿ ಮರವಂತೆಯ ಫೋಟೋ ತೆಗೆದು ಮುಂದೆ ಹಿಡಿದರು. ಹಗಲು ಹೊತ್ತು, ನೀಲಿ ಸಮುದ್ರ, ರಸ್ತೆ ಪಕ್ಕದಲ್ಲಿ ವ್ಯಾನು.

ಅಪ್ಪ ಅದನ್ನು ಬಹಳ ಹೊತ್ತು ನೋಡಿದ.

"ಅಲ್ಲಿ ಗಾಡಿ ನಿಲ್ಸಕ್ಕೆ ಬಿಡ್ತಾರಾ ಸಾರ್?" ಎಂದು ಕೇಳಿದ.