ಕೆರೆಯ ನೀರು, ಮಕ್ಕಳ ಪಾಠ

ಎರಡೂ ಎರಡೂ ಸೇರಿ ನಾಲ್ಕು ಎಂದು ಕಲಿತ ಬಾಲಕನಿಗೆ ಆ ಸತ್ಯದಿಂದ ಲಜ್ಜೆಯೂ ಇಲ್ಲ, ನೋವೂ ಇಲ್ಲ. ಸಮಾಜವಿಜ್ಞಾನದ ಪಾಠವು ಹಾಗಲ್ಲ. ಅದು ಅವನ ಊರಿನ, ಅವನ ಹಿರಿಯರ ಮಾತು. ಅದರಲ್ಲಿ ಹೆಮ್ಮೆಪಡತಕ್ಕುದೂ ಉಂಟು, ತಲೆ ತಗ್ಗಿಸತಕ್ಕುದೂ ಉಂಟು. ಎಳೆಯ ಮಕ್ಕಳಿಗೆ ಇವೆರಡನ್ನೂ ಹೇಳಬೇಕೇ, ಅಥವಾ ಮೊದಲನೆಯದನ್ನಷ್ಟೇ ಹೇಳಿ ಉಳಿದುದನ್ನು ಮರೆಮಾಡಬೇಕೇ ಎಂಬುದು ಉಪಾಧ್ಯಾಯರೂ ತಾಯಿತಂದೆಗಳೂ ಕೂಡಿ ವಿಚಾರಿಸತಕ್ಕ ಧರ್ಮಸೂಕ್ಷ್ಮವಾಗಿದೆ.

ಇಲ್ಲಿ ಪೂರ್ವಪಕ್ಷವೊಂದುಂಟು. ನೊಂದವರ ಮಗುವೂ ನೋಯಿಸಿದವರ ಮಗುವೂ ಒಂದೇ ಹಲಗೆಯ ಮೇಲೆ ಕುಳಿತಿರುತ್ತವೆ. ಹಳೆಯ ಗಾಯವನ್ನು ಕೆದಕಿದರೆ ಒಂದರಲ್ಲಿ ಅವಮಾನವೂ ಮತ್ತೊಂದರಲ್ಲಿ ಅಳುಕೂ ಹುಟ್ಟೀತು. ಕೂಡಿ ಆಡುವವರು ಅಗಲಿಯಾರು. ಈ ಆಕ್ಷೇಪವು ಹುರುಳಿಲ್ಲದುದೇನೂ ಅಲ್ಲ. ಆದರೆ ಒಂದು ನಿದರ್ಶನದಿಂದ ಇದನ್ನು ಪರೀಕ್ಷಿಸೋಣ.

ಕೊಂಕಣದ ಮಹಾಡ್ ಎಂಬ ಊರಿನಲ್ಲಿ ಚವದಾರ್ ಎಂಬ ಕೆರೆಯಿದೆ. ಸಾರ್ವಜನಿಕ ಜಲಾಶಯಗಳು ಅಸ್ಪೃಶ್ಯರೆನಿಸಿದವರಿಗೂ ತೆರೆದಿರಬೇಕೆಂದು ಮುಂಬಯಿಯ ಶಾಸನಸಭೆಯು ೧೯೨೩ರಲ್ಲಿ ಗೊತ್ತುವಳಿ ಮಾಡಿತು. ೧೯೨೪ರಲ್ಲಿ ಮಹಾಡಿನ ಪುರಸಭೆಯೂ ತನ್ನ ಕೆರೆಯನ್ನು ತೆರೆಯಿತು. ಆದರೂ ಆ ಜನರು ನೀರು ಮುಟ್ಟಲಾಗಲಿಲ್ಲ. ೧೯೨೭ರ ಮಾರ್ಚ್ ೨೦ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ಹೋಗಿ ಬೊಗಸೆ ನೀರು ಕುಡಿದರು. ಅದಕ್ಕಾಗಿ ಜನರು ಪೆಟ್ಟು ತಿಂದರು; ಕೆರೆಯನ್ನು ಪಂಚಗವ್ಯದಿಂದ ‘ಶುದ್ಧಿ’ ಮಾಡಲಾಯಿತು. ಉಚ್ಚ ನ್ಯಾಯಾಲಯವು ಅವರ ಹಕ್ಕನ್ನು ಎತ್ತಿಹಿಡಿದುದು ೧೯೩೭ರಲ್ಲಿ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ೧೫ನೆಯ ವಿಧಿಯು ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರು ಹೇಳಿಯೇ ಭೇದವನ್ನು ನಿಷೇಧಿಸಿತು.

ಈ ಕಥೆಯನ್ನು ಅರಿಯದ ವಿದ್ಯಾರ್ಥಿಯು ‘೧೭ನೆಯ ವಿಧಿ’ ಎಂದು ಬರೆದು ಅಂಕ ಪಡೆಯಬಹುದು. ಆದರೆ ಸಂವಿಧಾನದಂತಹ ಮಹಾಗ್ರಂಥದಲ್ಲಿ ಬಾವಿಯ ಮಾತೇಕೆ ಬಂದಿತೆಂಬುದು ಅವನಿಗೆ ತಿಳಿಯದು. ಗೊತ್ತುವಳಿಗೂ ಬೊಗಸೆ ನೀರಿಗೂ ನಡುವೆ ಎಷ್ಟು ದೂರವೆಂಬುದೂ ತಿಳಿಯದು. ನುಡಿಗೂ ನಡೆಗೂ ಇರುವ ಈ ಅಂತರವನ್ನು ಕಾಣಿಸದ ಸಮಾಜವಿಜ್ಞಾನವು ಬರಿಯ ಬಾಯಿಪಾಠ. ಅಲ್ಲದೆ, ಮುಚ್ಚಿಟ್ಟ ಮಾತ್ರಕ್ಕೆ ಗಾಯವು ಮಾಯುವುದಿಲ್ಲ. ನೊಂದವರ ಮಗುವು ಅದನ್ನು ತನ್ನ ಮನೆಯಲ್ಲಿ ಆಗಲೇ ಕೇಳಿರುತ್ತದೆ. ಪಾಠದಲ್ಲಿ ಅದಿಲ್ಲವೆಂದರೆ, ತನ್ನವರ ನೋವು ಲೆಕ್ಕಕ್ಕಿಲ್ಲವೆಂಬುದೇ ಅದು ಕಲಿಯುವ ಪಾಠ.

ಹಾಗಾದರೆ ಹೇಳುವ ಬಗೆ ಯಾವುದು? ಮೊದಲನೆಯದಾಗಿ, ವಯಸ್ಸಿಗೆ ತಕ್ಕಂತೆ ಹೇಳಬೇಕು. ಕೆಳಗಿನ ತರಗತಿಗಳಲ್ಲಿ ಊರಿನ ಬಾವಿ, ದಾರಿ, ಶಾಲೆಗಳಿಂದ ಆರಂಭಿಸಿ ‘ಇವು ಎಲ್ಲರವು’ ಎಂಬುದನ್ನು ಮನಗಾಣಿಸಬೇಕು. ಶಾಲೆಯಲ್ಲಿ ಬಾಲಕ ಅಂಬೇಡ್ಕರರು ಗೋಣಿಯ ಮೇಲೆ ಕುಳಿತು ಕಲಿತುದನ್ನೂ, ಜವಾನನು ನಲ್ಲಿ ತಿರುಗಿಸದಿದ್ದರೆ ಬಾಯಾರಿಯೇ ಇರಬೇಕಾಗಿದ್ದುದನ್ನೂ ಹತ್ತು ವರ್ಷದ ಮಗುವು ಅರಿಯಬಲ್ಲುದು. ಬಾಯಾರಿಕೆಯು ಎಲ್ಲರಿಗೂ ತಿಳಿದುದಷ್ಟೆ. ಗೊತ್ತುವಳಿ, ನ್ಯಾಯಾಲಯ, ವಿಧಿಗಳ ವಿಚಾರವು ಮೇಲಿನ ತರಗತಿಗೆ ಸಲ್ಲುವುದು. ಎರಡನೆಯದಾಗಿ, ತರಗತಿಯಲ್ಲಿ ಯಾವ ಮಗುವನ್ನೂ ಅದರ ಕುಲದ ಸಾಕ್ಷಿಯನ್ನಾಗಿ ಎಬ್ಬಿಸಿ ನಿಲ್ಲಿಸಕೂಡದು. ಅದು ಪಾಠವಲ್ಲ, ಹೊಸ ಅಪಮಾನ. ಮೂರನೆಯದಾಗಿ, ಅಪರಾಧವು ಪಿತ್ರಾರ್ಜಿತವಲ್ಲ, ಹೊಣೆಯು ಮಾತ್ರ ಪಿತ್ರಾರ್ಜಿತವೆಂಬುದನ್ನು ಸ್ಪಷ್ಟಪಡಿಸಬೇಕು. ಅಜ್ಜನು ತಡೆದುದಕ್ಕೆ ಮೊಮ್ಮಗನು ದೋಷಿಯಲ್ಲ. ಆದರೆ ಆ ತಡೆಯು ಇಂದಿಗೂ ಉಳಿದಿದ್ದರೆ ತೆಗೆಯಬೇಕಾದವನು ಅವನೇ. ಹೀಗೆ ಹೇಳಿದಲ್ಲಿ ಅಳುಕು ಹೋಗಿ ಕರ್ತವ್ಯಬುದ್ಧಿಯು ಬರುವುದು. ಪೂರ್ವಪಕ್ಷದ ಭಯಕ್ಕೂ ಇದೇ ಸಮಾಧಾನ.

ಗೃಹಸ್ಥರಾದ ವಾಚಕರಿಗೆ ಒಂದು ವಿಜ್ಞಾಪನೆ. ಈ ಪಾಠವನ್ನು ಕಲಿತ ಮಗುವು ಶಾಲೆಯಿಂದ ನೇರವಾಗಿ ನಿಮ್ಮ ಮನೆಗೆ ಬರುವುದು. ಹೊಲದ ಆಳಿಗೆ ನೀರು ಕೊಡುವ ಲೋಟವು ಪ್ರತ್ಯೇಕವಾಗಿ ಜಗಲಿಯ ಮೂಲೆಯಲ್ಲಿದ್ದರೆ, ‘ಅಪ್ಪಾ, ಇದೇಕೆ ಇಲ್ಲಿದೆ?’ ಎಂದು ಕೇಳೀತು. ಗದರಿಸಿ ಸುಮ್ಮನಿರಿಸಿದರೆ ಉಪಾಧ್ಯಾಯನ ಒಂದು ವರ್ಷದ ಶ್ರಮವು ಆ ಕ್ಷಣದಲ್ಲಿಯೇ ವ್ಯರ್ಥ. ಎದ್ದು ಆ ಲೋಟವನ್ನು ಒಳಗಿನ ಲೋಟಗಳೊಡನೆ ಬೆರೆಸಿದರೆ, ಯಾವ ಪುಸ್ತಕವೂ ಕಲಿಸಲಾರದುದನ್ನು ಮಗುವು ಕಣ್ಣಾರೆ ಕಂಡು ಕಲಿಯುವುದು.